ಹತ್ತು ಮಂದಿಯ ಪ್ರಾರ್ಥನೆ

ಬೇಲೂರು ತಾಲ್ಲೂಕಿನ ಮಾದಿಹಳ್ಳಿಯಂಥ ಊರುಗಳಲ್ಲಿ ಹುಟ್ಟಿ ಬೆಳೆದವರಿಗೆ ಊರೊಟ್ಟಿನ ಕೆಲಸವೆಂದರೇನೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ದೇವರ ಉತ್ಸವವು ಹತ್ತಿರವಾಯಿತೆಂದರೆ ಹಿರಿಯರು ಜಗಲಿಯ ಮೇಲೆ ಕೂಡುವರು. ಮನೆಗಿಷ್ಟೆಂದು ವಂತಿಗೆ ಗೊತ್ತಾಗುವುದು. ಹಣವಿಲ್ಲದವನು ಕಾಯಿ ಕೊಡುವನು, ಕಾಯಿಯಿಲ್ಲದವನು ಗಾಡಿ ಹೂಡುವನು, ಅದೂ ಇಲ್ಲದವನು ಚಪ್ಪರಕ್ಕೆ ಗುಂಡಿ ತೋಡುವನು. ತೇರು ಹೊರಟಾಗ ಯಾರ ವಂತಿಗೆ ಎಷ್ಟೆಂದು ಯಾರೂ ಕೇಳರು. ಹಗ್ಗಕ್ಕೆ ಕೈಯಿಟ್ಟವರೆಲ್ಲರೂ ಸಮಾನರು. ಆದರೆ ಹಗ್ಗ ಹಿಡಿಯಲು ತನ್ನವರೇ ಇಲ್ಲದ ಎಡೆಯಲ್ಲಿ ಒಂದು ಸಂಸಾರವು ಒಂಟಿಯಾಗಿ ನೆಲಸಿದರೆ, ಅದು ತನ್ನ ದೇವರನ್ನೂ ತನ್ನ ಆಚಾರವನ್ನೂ ಹೇಗೆ ಉಳಿಸಿಕೊಂಡೀತು? ಈ ಪ್ರಶ್ನೆಗೆ ಯೆಹೂದ್ಯ ಜನರ ಚರಿತ್ರೆಯಲ್ಲಿ ಬಹು ಸೊಗಸಾದ ಉತ್ತರವು ದೊರೆಯುವುದು. ಆ ಚರಿತ್ರೆಯ ಒಂದೆಳೆಯು ನಮ್ಮ ನಾಡಿನಲ್ಲಿಯೇ ಹಾದುಹೋಗಿರುವುದರಿಂದ ಅದನ್ನು ವಾಚಕರ ಮುಂದಿಡಲು ಉದ್ಯುಕ್ತರಾಗಿರುವೆವು.

ಮೊದಲು ಹಳೇಬೀಡಿಗೆ ಹೋಗಿ ಬರೋಣ. ಅಲ್ಲಿಯ ಪಾರ್ಶ್ವನಾಥ ಬಸದಿಯನ್ನು ನೋಡದವರು ವಿರಳ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ತೀರಿಕೊಂಡ ಬಳಿಕ ಅವನ ಮಗನಾದ ಬೊಪ್ಪದೇವನು ತಂದೆಯ ನೆನಪಿಗಾಗಿ 1133ರಲ್ಲಿ ಅದನ್ನು ಕಟ್ಟಿಸಿದನು. ಪ್ರತಿಷ್ಠೆಯಾದೊಡನೆ ಅರ್ಚಕರು ದೇವರ ಶೇಷೆಯನ್ನು ಬಂಕಾಪುರದಲ್ಲಿದ್ದ ದೊರೆಯ ಬಳಿಗೆ ಕೊಂಡೊಯ್ದರು. ಆಗತಾನೆ ದೊರೆಗೆ ಯುದ್ಧದಲ್ಲಿ ಜಯವೂ ಮನೆಯಲ್ಲಿ ಪುತ್ರೋತ್ಸವವೂ ಒಟ್ಟಿಗೆ ಒದಗಿದ್ದುವು. ಅವನು ಎದ್ದು ನಿಂತು ಶೇಷೆಯನ್ನು ಸ್ವೀಕರಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟು, ಬಸದಿಗೆ ಜಾವಗಲ್ಲನ್ನು ದತ್ತಿಯಾಗಿ ಬಿಟ್ಟನು. ಕೇಶವನ ಭಕ್ತನಾದ ದೊರೆಯು ಜಿನಾಲಯಕ್ಕೆ ಊರು ಬಿಟ್ಟುದು ನಮ್ಮ ನಾಡಿನ ನಡೆನುಡಿಗೆ ಒಪ್ಪುವ ಮಾತೇ ಸರಿ.

ಇದಕ್ಕೆ ಒಂದು ವರ್ಷ ಮೊದಲು, ಎಂದರೆ 1132ನೆಯ ಇಸವಿ ಅಕ್ಟೋಬರ್ 17ನೆಯ ದಿನ, ಘಟ್ಟದ ಕೆಳಗೆ ಮಂಗಳೂರಿನಲ್ಲಿ ಒಬ್ಬ ಯೆಹೂದ್ಯ ವರ್ತಕನು ಒಂದು ಪತ್ರವನ್ನು ಬರೆಯಿಸಿದನು. ಆತನ ಹೆಸರು ಅಬ್ರಹಾಂ ಬೆನ್ ಯಿಜೂ. ಹುಟ್ಟೂರು ಇಂದಿನ ಟ್ಯುನೀಸಿಯಾ ದೇಶದ ಕಡಲ ತೀರದಲ್ಲಿರುವ ಮಹದಿಯಾ. ಏಡನ್ ಬಂದರಿನ ಮಾರ್ಗವಾಗಿ ನಮ್ಮ ಕರಾವಳಿಗೆ ಬಂದು ಹದಿನೇಳು ವರುಷಗಳ ಮಟ್ಟಿಗೆ ಈ ಕಡೆಯಲ್ಲಿಯೇ ಬಾಳಿದವನು. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣಗಳನ್ನು ಇಲ್ಲಿಂದ ಏಡನ್ನಿಗೆ ಕಳುಹಿಸುವನು. ಅಲ್ಲಿಂದ ತಾಮ್ರವೂ ಒಡೆದ ಕಂಚಿನ ಪಾತ್ರೆಗಳೂ ಬರುವುವು. ಅವನ್ನು ಇಲ್ಲಿಯ ಕೆಲಸಗಾರರಿಂದ ಕರಗಿಸಿ, ದೀಪ, ತಟ್ಟೆ, ಬೋಗುಣಿಗಳನ್ನು ಎರಕ ಹೊಯ್ಯಿಸಿ ಹಿಂದಕ್ಕೆ ಕಳುಹಿಸುವನು. ಬೊಮ್ಮನೆಂಬ ಆಳು ಸರಕಿನೊಡನೆ ಹಡಗು ಹತ್ತಿ ಹೋಗಿ ಬರುತ್ತಿದ್ದನು. ಏಡನ್ನಿನ ದೊಡ್ಡ ವರ್ತಕರು ತಮ್ಮ ಕಾಗದಗಳಲ್ಲಿ ಈ ಆಳಿಗೂ ಕ್ಷೇಮಸಮಾಚಾರವನ್ನು ಬರೆಯುತ್ತಿದ್ದುದುಂಟು.

ಎಂಟುನೂರು ತೊಂಬತ್ತು ವರುಷಗಳ ಹಿಂದಿನ ಈ ಮನೆವಾರ್ತೆಯು ನಮಗೆ ತಿಳಿದುದು ಹೇಗೆ? ಅದೂ ಒಂದು ದೇವಾಲಯದ ಪುಣ್ಯವೇ. ದೇವರ ನಾಮವಿರುವ ಕಾಗದವನ್ನು ಕಸಕ್ಕೆ ಎಸೆಯಬಾರದೆಂಬುದು ಯೆಹೂದ್ಯರ ಆಚಾರ. ಅಂಥ ಕಾಗದಗಳು ಹಳತಾದಾಗ ಸಭಾಮಂದಿರದ ಒಂದು ಕೋಣೆಯಲ್ಲಿ ಹಾಕಿಡುವರು. ಅದಕ್ಕೆ ಗೆನಿಜಾ ಎಂದು ಹೆಸರು. ಹಳೆಯ ಕೈರೋ ನಗರವಾದ ಫುಸ್ತಾತಿನ ಬೆನ್ ಎಜ್ರಾ ಸಭಾಮಂದಿರದ ಕೋಣೆಯಲ್ಲಿ ಶತಮಾನಗಳ ಕಾಲ ಹೀಗೆ ಕಾಗದಗಳು ಬಿದ್ದುವು. ಸಾಮಾನ್ಯ ವ್ಯಾಪಾರದ ಓಲೆಯಲ್ಲಿಯೂ ಮೊದಲಿಗೆ ದೇವರ ಸ್ಮರಣೆ ಇರುತ್ತಿದ್ದುದರಿಂದ ಅಂಗಡಿಯ ಲೆಕ್ಕ, ಮದುವೆಯ ಪಟ್ಟಿ, ಸಾಲದ ಚೀಟಿಗಳೂ ಅಲ್ಲಿಗೇ ಸೇರಿದುವು. 1896-97ರಲ್ಲಿ ಸಾಲಮನ್ ಶೆಕ್ಟರ್ ಎಂಬ ವಿದ್ವಾಂಸರು ಅವುಗಳಲ್ಲಿ ಬಹುಭಾಗವನ್ನು ಕೇಂಬ್ರಿಜ್ಜಿಗೆ ಸಾಗಿಸಿದರು. ಎಸ್. ಡಿ. ಗೊಯ್ಟೀನರು ಅವನ್ನು ಓದಿ ಭಾರತದ ವರ್ತಕರ ಕಾಗದಗಳನ್ನು ಬೇರೆ ಮಾಡಿದರು. 1992ರಲ್ಲಿ ಅಮಿತಾವ್ ಘೋಷರು ಬೆನ್ ಯಿಜೂ ಮತ್ತು ಬೊಮ್ಮರ ವಿಷಯವಾಗಿ ಪುಸ್ತಕವನ್ನು ಪ್ರಕಟಿಸಿದರು. ನಮ್ಮವರು ಕಲ್ಲಿನಲ್ಲಿ ಕೊರೆದು ಉಳಿಸಿದುದನ್ನು ಅವರು ಕತ್ತಲೆಯ ಕೋಣೆಯಲ್ಲಿಟ್ಟು ಉಳಿಸಿದರೆನ್ನಬೇಕು.

ಯೆಹೂದ್ಯರ ಪೂಜಾಕ್ರಮದಲ್ಲಿ ವಿಗ್ರಹವಿಲ್ಲ, ನೈವೇದ್ಯವಿಲ್ಲ. ಸಭಾಮಂದಿರದ ಗೋಡೆಯಲ್ಲಿ ಒಂದು ಪೆಟ್ಟಿಗೆ. ಅದರೊಳಗೆ ಚರ್ಮದ ಹಾಳೆಯ ಮೇಲೆ ಕೈಯಿಂದ ಬರೆದು ಸುತ್ತಿಟ್ಟ ತೋರಾ ಎಂಬ ಧರ್ಮಗ್ರಂಥ. ಅದನ್ನು ಹೊರತೆಗೆದು ವಾರ ವಾರವೂ ಸರದಿಯಂತೆ ಓದಿ ವರುಷಕ್ಕೊಮ್ಮೆ ಪಾರಾಯಣವನ್ನು ಮುಗಿಸುವುದೇ ಅವರ ಮುಖ್ಯ ಸೇವೆ. ಆದರೆ ಇದಕ್ಕೊಂದು ಕಟ್ಟುಪಾಡುಂಟು. ವಯಸ್ಸಿಗೆ ಬಂದ ಹತ್ತು ಮಂದಿ ಗಂಡಸರು ಕೂಡದೆ ಸಾಮೂಹಿಕ ಪ್ರಾರ್ಥನೆಯು ನಡೆಯಲಾರದು. ಸತ್ತವರಿಗಾಗಿ ಮಗನು ಹೇಳುವ ಪ್ರಾರ್ಥನೆಯೂ ಹತ್ತು ಮಂದಿಯ ನಡುವೆಯೇ ಆಗಬೇಕು. ಒಂಬತ್ತು ಮಂದಿ ಪಂಡಿತರು ಸೇರಿದರೂ ಸಾಲದು; ಹತ್ತನೆಯವನಾಗಿ ಒಬ್ಬ ಚಮ್ಮಾರನು ಬಂದರೆ ಸಾಕು. ಇತ್ತೀಚೆಗೆ ಕೆಲವು ಸಭೆಗಳು ಹೆಂಗಸರನ್ನೂ ಈ ಎಣಿಕೆಗೆ ಸೇರಿಸಿಕೊಂಡಿರುವುವು. ಹೀಗೆ ಪ್ರತಿಯೊಬ್ಬನೂ ಬೇಕಾದವನೆಂಬುದನ್ನು ಅವರ ಧರ್ಮವು ಲೆಕ್ಕದಲ್ಲಿಯೇ ಬರೆದಿಟ್ಟಿದೆ.

ಇನ್ನು ಇಂಥ ಸಭೆಯು ಹಣವನ್ನು ಕೂಡಿಸುತ್ತಿದ್ದ ಬಗೆಯನ್ನು ಹೇಳುವೆವು. ದಾನಕ್ಕೆ ಅವರಾಡುವ ಮಾತು ತ್ಸೆದಾಕಾ. ಅದರ ಮೂಲಾರ್ಥವು ಕರುಣೆಯಲ್ಲ, ನ್ಯಾಯ. ಬಡವನಿಗೆ ಕೊಡುವುದು ನಮ್ಮ ದೊಡ್ಡತನವಲ್ಲ, ಅವನಿಗೆ ಸಲ್ಲಬೇಕಾದ ಬಾಕಿ ಎಂಬುದು ಅದರ ಭಾವ. ಫುಸ್ತಾತಿನ ಸಭೆಯಲ್ಲಿ ವಾರಕ್ಕೆರಡು ಸಲ, ಮಂಗಳವಾರವೂ ಶುಕ್ರವಾರವೂ, ಬಡವರಿಗೆ ರೊಟ್ಟಿಯನ್ನು ಹಂಚುತ್ತಿದ್ದರು. ಯಾರಿಗೆ ಎಷ್ಟೆಂಬ ಪಟ್ಟಿಗಳು ಇಂದಿಗೂ ಉಳಿದಿರುವುವು. ಪುಣ್ಯವಂತರು ಸಭೆಗೆ ಮನೆಗಳನ್ನು ಬಿಟ್ಟು ಹೋಗುತ್ತಿದ್ದರು. ಅವುಗಳ ಬಾಡಿಗೆಯಿಂದ ದೀಪದೆಣ್ಣೆ, ಅಧ್ಯಾಪಕರ ಸಂಬಳ, ಕಟ್ಟಡದ ದುರಸ್ತಿಗಳು ನಡೆಯುತ್ತಿದ್ದುವು. ಶ್ರವಣಬೆಳಗೊಳದ ಶಾಸನಗಳಲ್ಲಿ ಭಕ್ತರು ಹೊನ್ನನ್ನು ಇಡುಗಂಟಾಗಿಟ್ಟು, ಅದರ ಬಡ್ಡಿಯಿಂದ ದಿನದಿನವೂ ದೇವರ ಅಭಿಷೇಕಕ್ಕೆ ಹಾಲು ಸಲ್ಲುವಂತೆ ಮಾಡಿದುದನ್ನು ಓದಿರುವ ನಮಗೆ ಈ ಏರ್ಪಾಡು ಹೊಸದೇನಲ್ಲ.

ಸಬ್ಬತ್ತೆಂಬ ವಿಶ್ರಾಂತಿಯ ದಿನವು ಶುಕ್ರವಾರ ಹೊತ್ತು ಮುಳುಗುವಾಗ ಮೊದಲಾಗಿ ಶನಿವಾರ ಕತ್ತಲಾಗುವವರೆಗೆ ನಡೆಯುವುದು. ಆ ಹೊತ್ತಿನಲ್ಲಿ ಹಣವನ್ನು ಮುಟ್ಟುವಂತಿಲ್ಲ. ಆದುದರಿಂದ ಸಭೆಯಲ್ಲಿ ಎದ್ದು ನಿಂತು, ಇಷ್ಟು ಕೊಡುವೆನೆಂದು ಬಾಯಲ್ಲಿ ಹೇಳುವರು. ವಾರದ ದಿನಗಳಲ್ಲಿ ಸಲ್ಲಿಸುವರು. ಪೆಟ್ಟಿಗೆಯ ಬಾಗಿಲನ್ನು ತೆರೆಯುವುದು, ಪಾರಾಯಣಕ್ಕೆ ಕರೆಯಿಸಿಕೊಳ್ಳುವುದು ಮೊದಲಾದ ಗೌರವಗಳಿಗಾಗಿ ಕಾಣಿಕೆಯನ್ನು ನುಡಿಯುವ ವಾಡಿಕೆಯೂ ಹಲವೆಡೆ ಉಂಟು. ಬೆಳಗೊಳದ ಮಹಾಮಸ್ತಕಾಭಿಷೇಕದಲ್ಲಿ ಕಲಶಗಳಿಗೆ ಕಾಣಿಕೆ ಕಟ್ಟುವುದನ್ನೂ ನಮ್ಮ ಜಾತ್ರೆಗಳ ಸವಾಲುಗಳನ್ನೂ ಕಂಡವರು ಇದಕ್ಕೆ ನಗಲಾರರು. ನುಡಿದ ಮಾತಿಗೆ ಚೀಟಿಯಿಲ್ಲ, ಸಾಕ್ಷಿಗೆ ಸಭೆಯೇ ಉಂಟು.

ಆ ಸಭೆಗೆ ಬಹು ಭಾರವಾದ ಖರ್ಚೆಂದರೆ ಸೆರೆಬಿಡಿಸುವುದು. ಕಡಲುಗಳ್ಳರೂ ದಂಡುಗಳೂ ಹಿಡಿದೊಯ್ದವರನ್ನು ಬಿಡಿಸಲು ಸಾಮಾನ್ಯವಾಗಿ ಮೂವರಿಗೆ 100 ದೀನಾರ, ಎಂದರೆ ತಲೆಗೆ ಮೂವತ್ತಮೂರು ಚಿಲ್ಲರೆ ದೀನಾರ ತೆರಬೇಕಾಗಿತ್ತು. 1168ರಲ್ಲಿ ಈಜಿಪ್ಟಿನ ಬಿಲ್ಬೈಸ್ ಪಟ್ಟಣವು ಶತ್ರುಗಳ ಕೈಸೇರಿ ಅನೇಕರು ಸೆರೆಯಾದಾಗ, ಮಹಾಪಂಡಿತನೂ ವೈದ್ಯನೂ ಆದ ಮೈಮೊನಿಡೀಸನು ಊರೂರಿಗೆ ಓಲೆ ಬರೆದು ಹಣವನ್ನು ಕೂಡಿಸಿದನು. ಆತನ ತಮ್ಮನಾದ ದಾವೀದನು ವ್ಯಾಪಾರಕ್ಕಾಗಿ ಭಾರತದ ಕಡೆಗೆ ಹೊರಟು ನಡುಗಡಲಿನಲ್ಲಿ ಮುಳುಗಿ ಹೋದನೆಂಬುದನ್ನು ಇಲ್ಲಿ ನೆನೆಯಬೇಕು. ದಾನಕ್ಕೆ ಎಂಟು ಮೆಟ್ಟಿಲುಗಳನ್ನು ಎಣಿಸಿದವನೂ ಈ ಮೈಮೊನಿಡೀಸನೇ. ಮನಸ್ಸಿಲ್ಲದೆ ಕೊಡುವುದು ಎಲ್ಲಕ್ಕಿಂತ ಕೆಳಗಿನದು. ಬಿದ್ದವನಿಗೆ ಸಾಲವನ್ನೋ ಪಾಲುಗಾರಿಕೆಯನ್ನೋ ಕೆಲಸವನ್ನೋ ಕೊಟ್ಟು, ಅವನು ಮತ್ತೆ ಕೈಯೊಡ್ಡದಂತೆ ಮಾಡುವುದು ಎಲ್ಲಕ್ಕಿಂತ ಮೇಲಿನದು.

ಇಂಥ ತುಂಬಿದ ಸಭೆಯನ್ನು ಬಿಟ್ಟು ಬಂದು ಬೆನ್ ಯಿಜೂ ಮಂಗಳೂರಿನಲ್ಲಿ ಕುಳಿತಿದ್ದನು. ಇನ್ನು ಆ ಪತ್ರದ ಮಾತಿಗೆ ಬರೋಣ. ಅದು ಆಶು ಎಂಬ ಈ ದೇಶದ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ. ಬಿಡುಗಡೆಯಾದ ಆಕೆಗೆ ಬೆರಾಖಾ, ಎಂದರೆ ಆಶೀರ್ವಾದವೆಂಬ ಹೆಸರಾಯಿತು. ಆಕೆಯೇ ಅವನ ಮಕ್ಕಳ ತಾಯಿಯೆಂದು ವಿದ್ವಾಂಸರ ಅಭಿಪ್ರಾಯ. ಆ ಧರ್ಮಶಾಸ್ತ್ರದಲ್ಲಿ ಮಗುವಿನ ಕುಲವು ತಾಯಿಯನ್ನು ಅನುಸರಿಸುವುದು. ತಾಯಿಯು ದಾಸಿಯಾಗಿಯೇ ಉಳಿದಿದ್ದರೆ ಮಗನು ಹತ್ತರಲ್ಲಿ ಒಬ್ಬನಾಗಲಾರನು, ಮಗಳಿಗೆ ಸಭೆಯಲ್ಲಿ ಮದುವೆಯಾಗದು. ಹೀಗೆ ಒಂದು ಹಾಳೆಯ ಮೇಲೆ ಆ ಮನೆಯ ಮುಂದಿನ ಬಾಳೆಲ್ಲ ನಿಂತಿದ್ದಿತು. ಆದರೆ ಆಶುವಿನ ಬಾಯಿಂದ ಬಂದ ಒಂದು ನುಡಿಯೂ ಆ ಕಾಗದಗಳ ರಾಶಿಯಲ್ಲಿ ದೊರೆತಿಲ್ಲ. ತನ್ನವರನ್ನೂ ತನ್ನ ದೈವಗಳನ್ನೂ ಬಿಟ್ಟು ಪರದೇಶಿಯ ಮನೆಯ ದೀಪವನ್ನು ಹಚ್ಚಿದ ಆಕೆಯನ್ನು ನಾವಾದರೂ ನೆನೆಯದಿದ್ದರೆ ನೆನೆಯುವವರಾರು?

ಏಡನ್ನಿನ ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿಗಳೊಡನೆ ತಪ್ಪದೆ ಬಿಳಿಯ ಕಾಗದವನ್ನು ಕಳುಹಿಸುತ್ತಿದ್ದರು. ಅವನು ಅದರ ಚೂರನ್ನೂ ಕೆಡಿಸದೆ, ಬಂದ ಓಲೆಗಳ ಬೆನ್ನಿನ ಮೇಲೆಯೇ ಲೆಕ್ಕಗಳನ್ನೂ ಪದ್ಯಗಳನ್ನೂ ಧರ್ಮಶಾಸ್ತ್ರದ ವಿಚಾರಗಳನ್ನೂ ಬರೆದಿಡುತ್ತಿದ್ದನು. 1149ರಲ್ಲಿ ಮಕ್ಕಳೊಡನೆ ಏಡನ್ನಿಗೆ ಮರಳಿದಾಗ, ಸಿಸಿಲಿಯವರು ಮಹದಿಯಾವನ್ನು ಹಿಡಿದು ತನ್ನ ಒಡಹುಟ್ಟಿದವರು ದಿಕ್ಕಾಪಾಲಾದುದು ತಿಳಿಯಿತು. ನಮಗೆಲ್ಲರಿಗೂ ಸಾಲುವಷ್ಟು ದೇವರು ಕೊಟ್ಟಿರುವನು, ಬನ್ನಿರಿ ಎಂಬರ್ಥದಲ್ಲಿ ಅವರಿಗೆ ಬರೆದನು. ಮಗಳನ್ನು ಸಿರಿವಂತರಾದ ಪರರಿಗಿಂತ ಸೋದರನ ಮಗನಿಗೋ ಸೋದರಿಯ ಮಗನಿಗೋ ಕೊಡುವ ಆಸೆಯನ್ನೂ ತೋಡಿಕೊಂಡನು. ಗಂಡುಮಕ್ಕಳಿಬ್ಬರೂ ತೀರಿಹೋದರು. ಉಳಿದ ಮಗಳಾದ ಸಿತ್ತ್ ಅಲ್ ದಾರಳ ಮದುವೆಯು 1156ರಲ್ಲಿ ಫುಸ್ತಾತಿನಲ್ಲಿ ಸೋದರನ ಮಗನಾದ ಪೆರಹ್ಯಾನೊಡನೆ ನೆರವೇರಿತು. ಕರಾವಳಿಯ ಮನೆಯೊಂದರಲ್ಲಿ ಹಚ್ಚಿದ ದೀಪವು ಸಭೆಯ ಕೈಗೆ ಸೇರಿದುದು ಹೀಗೆ.

ಸಭಾಮಂದಿರವಿಲ್ಲದೆಯೂ ಆಚಾರವು ಉಳಿಯಬಲ್ಲದೆಂಬುದಕ್ಕೆ ಕೊಂಕಣ ತೀರದ ಬೆನೆ ಇಸ್ರಾಯೇಲರು ಇನ್ನೊಂದು ದೃಷ್ಟಾಂತ. ಅವರು ಎಣ್ಣೆ ತೆಗೆಯುವ ಕಸುಬಿನವರು, ಮರಾಠಿ ನುಡಿಯವರು. ಗ್ರಂಥವಿಲ್ಲ, ಗುರುವಿಲ್ಲ, ಆದರೂ ಶನಿವಾರ ಗಾಣವನ್ನು ಕಟ್ಟುತ್ತಿರಲಿಲ್ಲ. ಅಷ್ಟರಿಂದಲೇ ನೆರೆಹೊರೆಯವರು ಅವರನ್ನು ‘ಶನಿವಾರ ತೇಲಿ’ಗಳೆಂದು ಕರೆದರು. ಅವರಲ್ಲೊಬ್ಬನಾದ ಸಾಮುವೇಲ್ ಎಜೆಕಿಯೇಲ್ ದಿವೇಕರನು ಕುಂಪಣಿಯ ದಂಡಿನಲ್ಲಿದ್ದು ಮೈಸೂರು ಯುದ್ಧದಲ್ಲಿ ಟೀಪುವಿನವರಿಗೆ ಸೆರೆಸಿಕ್ಕಿದನು. ಇಸ್ರಾಯೇಲನ ಮಕ್ಕಳೆಂಬ ಹೆಸರು ಕುರಾನಿನಲ್ಲಿ ಬಂದಿರುವುದೆಂದು ನೆನೆದು ಟೀಪುವಿನ ತಾಯಿಯು ಅವನ ಜೀವವನ್ನು ಉಳಿಸಿದಳೆಂದು ಆ ಜನರಲ್ಲಿ ಪ್ರತೀತಿ. ಬದುಕಿ ಬಂದರೆ ದೇವರಿಗೊಂದು ಮನೆ ಕಟ್ಟಿಸುವೆನೆಂದು ಹೊತ್ತ ಹರಕೆಯಂತೆ ಅವನು 1796ರಲ್ಲಿ ಮುಂಬಯಿಯಲ್ಲಿ ಆ ಜನರ ಮೊದಲನೆಯ ಸಭಾಮಂದಿರವನ್ನು ಕಟ್ಟಿಸಿದನು. ಅದರ ಹೆಸರು ಶಾರ್ ಹಾರಹಮೀಮ್, ಕರುಣೆಯ ಬಾಗಿಲು. ಮರುವರ್ಷ ತೋರಾದ ಪ್ರತಿಯನ್ನು ತರಲೆಂದು ಕೊಚ್ಚಿಗೆ ಹೋದವನು ಅಲ್ಲಿಯೇ ಮಡಿದನು. ನಮ್ಮ ನಾಡಿನ ಸೆರೆಮನೆಯಲ್ಲಿ ಹುಟ್ಟಿದ ಹರಕೆಗೆ ಇಂಥ ಫಲವಾಯಿತು.

1948ರಲ್ಲಿ ಇಸ್ರೇಲ್ ರಾಜ್ಯವು ಸ್ಥಾಪಿತವಾದ ಮೇಲೆ ಭಾರತದ ಯೆಹೂದ್ಯರಲ್ಲಿ ಬಹುಮಂದಿ ಅಲ್ಲಿಗೆ ತೆರಳಿದರು. 1568ರಲ್ಲಿ ಕಟ್ಟಿದ ಕೊಚ್ಚಿಯ ಪರದೇಶಿ ಸಭಾಮಂದಿರದಲ್ಲಿ ಚೀನಾದ ನೀಲಿ ಚಿತ್ರದ ಹಾಸುಬಿಲ್ಲೆಗಳು ಇಂದಿಗೂ ಹೊಳೆಯುತ್ತಿರುವುವು; ನೋಡಬರುವವರು ಬಹಳ, ಪ್ರಾರ್ಥನೆಗೆ ಊರಿನ ಹತ್ತು ಮಂದಿಯಿಲ್ಲ. ಬೆಂಗಳೂರಿನಲ್ಲಿ ಮೈಸೂರು ರಸ್ತೆಯ ಕಡೆಗೆ ಯೆಹೂದ್ಯರ ಸಣ್ಣದೊಂದು ಸ್ಮಶಾನವಿದೆ. 20ನೆಯ ಶತಮಾನದ ಆದಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟ ನೆಲವದು. ವಿಷ್ಣುವರ್ಧನನು ಜಾವಗಲ್ಲನ್ನು ಬಿಟ್ಟ ಕೈಯೂ ಈ ಕೈಯೂ ಒಂದೇ ಬಗೆಯವು.

ಹಳ್ಳಿಗಳನ್ನು ಬಿಟ್ಟು ಮಕ್ಕಳು ದೂರ ದೇಶಗಳಿಗೆ ಹೋಗುತ್ತಿರುವ ಈ ಕಾಲದಲ್ಲಿ ನಮ್ಮ ಗೃಹಸ್ಥರಿಗೂ ಈ ಚರಿತ್ರೆಯಲ್ಲಿ ಒಂದು ಮಾತಿದೆ. ತೇರಿನ ಹಗ್ಗವು ಊರಿನಲ್ಲಿಯೇ ಉಳಿಯುವುದು. ಮನೆಯ ದೀಪವಾದರೋ ಹೋದೆಡೆಗೆ ಬರುವುದು. ಅದನ್ನು ಆರದಂತೆ ನೋಡಿಕೊಂಡವನು ಎಂದಾದರೊಂದು ದಿನ ಸಭೆಗೆ ಹತ್ತನೆಯವನಾಗಿ ಒದಗುವನು. ಮತ್ತು ನಮ್ಮ ಊರಿಗೆ ಬಂದು ಒಂಟಿಯಾಗಿ ನೆಲಸಿದ ಸಂಸಾರವೊಂದು ತನ್ನ ದೀಪವನ್ನು ಹಚ್ಚುತ್ತಿದ್ದರೆ, ಗಾಳಿಗೆ ಅಡ್ಡಲಾಗಿ ಕೈ ಹಿಡಿಯುವುದು ನೆರೆಯವರಾದ ನಮ್ಮ ಪಾಲಿನ ವಂತಿಗೆ.