ಮಗು ಎನ್‌ಐಸಿಯುನಲ್ಲಿದ್ದಾಗ ನೀವೇನು ಮಾಡಬಹುದು?

ಹೆತ್ತ ಮಗುವನ್ನು ಮಡಿಲಿಗೆ ಕೊಡದೆ ತೀವ್ರ ನಿಗಾ ಘಟಕಕ್ಕೆ ಒಯ್ದರೆ ಯಾವ ತಾಯಿಗೂ ಕೈಕಾಲು ಆಡುವುದಿಲ್ಲ. ಅವಧಿಗೆ ಮುಂಚಿನ ಹೆರಿಗೆ, ಕಡಿಮೆ ತೂಕ, ಉಸಿರಾಟದ ತೊಂದರೆ, ಸೋಂಕು, ಕಾಮಾಲೆ ಹೀಗೆ ಕಾರಣಗಳು ಹಲವು. 'ನೀನು ಸರಿಯಾಗಿ ವಿಶ್ರಾಂತಿ ತೆಗೆದುಕೊಳ್ಳಲಿಲ್ಲ' ಎಂಬ ಮಾತು ಮನೆಯೊಳಗಿನಿಂದಲೇ ಬರಬಹುದು. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನೀವು ಗಾಜಿನಾಚೆ ನಿಂತು ನೋಡುವ ಅತಿಥಿಗಳಲ್ಲ; ಚಿಕಿತ್ಸೆಯಲ್ಲಿ ನಿಮಗೂ ಪಾಲಿದೆ.

ತಾಯಿಯ ಹಾಲು

ಸುಮಾರು 34 ವಾರಕ್ಕೆ ಮುಂಚೆ ಹುಟ್ಟಿದ ಶಿಶುಗಳಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಒಟ್ಟಿಗೆ ಬರುವುದಿಲ್ಲ. ಆದ್ದರಿಂದ ನಳಿಕೆಯ ಮೂಲಕ ಹಾಲು ಕೊಡುತ್ತಾರೆ. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಹಾಲು ಹಿಂಡಲು ಆರಂಭಿಸಿ. ದಿನಕ್ಕೆ ಎಂಟು ಬಾರಿಯಾದರೂ ಹಿಂಡಿ, ರಾತ್ರಿಯೂ ಬಿಡಬೇಡಿ. ಮೊದಲು ಕೆಲವೇ ಹನಿ ಬರುವುದು ಸಹಜ. ಆ ಹಳದಿ ಗಿಣ್ಣುಹಾಲಿನಲ್ಲಿ ಸೋಂಕು ತಡೆಯುವ ಶಕ್ತಿಯಿದೆ.

ಹುಟ್ಟಿದ ಮಗುವಿನ ಬಾಯಿಗೆ ಜೇನು ಅಥವಾ ಖರ್ಜೂರ ಸವರಲು ಹಿರಿಯರು ಬಯಸಬಹುದು. ಎನ್‌ಐಸಿಯುನಲ್ಲಿರುವ ಮಗುವಿಗೆ ವೈದ್ಯರನ್ನು ಕೇಳದೆ ಏನನ್ನೂ ಬಾಯಿಗೆ ಮುಟ್ಟಿಸಬಾರದು. ಜೇನನ್ನಂತೂ ಒಂದು ವರ್ಷ ತುಂಬುವವರೆಗೆ ಯಾವ ಮಗುವಿಗೂ ಕೊಡಬೇಡಿ.

ಎದೆಗವಚಿಕೊಳ್ಳಿ

ಡಯಪರ್, ಟೊಪ್ಪಿ ಮಾತ್ರ ಹಾಕಿದ ಮಗುವನ್ನು ಬರಿಯ ಎದೆಗೆ ಅವಚಿಕೊಳ್ಳುವುದೇ ಕಾಂಗರೂ ಆರೈಕೆ. ಇದರಿಂದ ಮಗುವಿನ ಮೈ ಬಿಸಿಯಾಗಿರುತ್ತದೆ, ಉಸಿರಾಟ ಸ್ಥಿರಗೊಳ್ಳುತ್ತದೆ, ತಾಯಿಗೆ ಹಾಲೂ ಹೆಚ್ಚುತ್ತದೆ. ಪರದೆಯ ಮರೆ ಬೇಕಿದ್ದರೆ ನರ್ಸ್ ಬಳಿ ಕೇಳಿ, ಸಂಕೋಚ ಬೇಡ. ತಂದೆಯೂ ಇದನ್ನು ಮಾಡಬಹುದು. ಒಳಹೋಗುವ ಮುನ್ನ ಉಂಗುರ, ಬಳೆ, ವಾಚು ತೆಗೆದು ಮೊಣಕೈವರೆಗೆ ಸೋಪಿನಿಂದ ತೊಳೆಯಿರಿ. ಶೀತ, ಜ್ವರ ಇದ್ದವರು ಹೋಗಬೇಡಿ.

ಸದ್ದಿಗೆ ಹೆದರಬೇಡಿ

ಯಂತ್ರ ಕೂಗಿದಾಗಲೆಲ್ಲ ಅಪಾಯವೆಂದು ಅರ್ಥವಲ್ಲ. ಕಾಲಿನ ಸೆನ್ಸರ್ ಜಾರಿದರೂ ಅದು ಕೂಗುತ್ತದೆ. ಮೊದಲ ವಾರ ತೂಕ ಸ್ವಲ್ಪ ಇಳಿಯುವುದೂ ಸಾಮಾನ್ಯ. ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ದಿನಕ್ಕೊಮ್ಮೆ ವೈದ್ಯರನ್ನು ಗಂಡ ಹೆಂಡತಿ ಜೊತೆಯಾಗಿ ಕೇಳಿ. 'ಅವಳಿಗೆ ಹೇಳುವುದು ಬೇಡ' ಎಂದು ತಾಯಿಯಿಂದ ವಿಷಯ ಮುಚ್ಚಿಟ್ಟರೆ ಆಕೆಯ ಭಯ ಇಮ್ಮಡಿಯಾಗುತ್ತದೆ. ಬಂಧುಗಳ ಫೋನ್‌ಗಳಿಗೆ ಉತ್ತರಿಸುವ ಕೆಲಸವನ್ನು ಮನೆಯ ಒಬ್ಬರಿಗೆ ವಹಿಸಿ.

ತಾಯಿ ಹೊತ್ತಿಗೆ ಸರಿಯಾಗಿ ಊಟ ಮಾಡಲಿ, ನಿದ್ರಿಸಲಿ. ಅಳು, ನಿದ್ರಾಹೀನತೆ ಎರಡು ವಾರ ದಾಟಿದರೆ ವೈದ್ಯರಿಗೆ ತಿಳಿಸಿ. ಬಾಣಂತಿಯ ಖಿನ್ನತೆ ಚಿಕಿತ್ಸೆಯಿಂದ ಗುಣವಾಗುತ್ತದೆ.

ಮನೆಗೆ ಹೊರಡುವ ಮುನ್ನ

34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಮಗುವಿಗೆ 30 ದಿನ ತುಂಬುವುದರೊಳಗೆ ಕಣ್ಣಿನ ರೆಟಿನಾ ಪರೀಕ್ಷೆ ಆಗಲೇಬೇಕು. ತಡವಾದರೆ ದೃಷ್ಟಿ ಹೋಗಬಹುದು. ಶ್ರವಣ ಪರೀಕ್ಷೆಯನ್ನೂ ಮಾಡಿಸಿ. ಸರಕಾರಿ ಆಸ್ಪತ್ರೆಗಳಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಅಸ್ವಸ್ಥ ನವಜಾತ ಶಿಶುವಿನ ಚಿಕಿತ್ಸೆ ಉಚಿತ.

ಮನೆಗೆ ಬಂದ ಮೇಲೆ ಮಗು ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ, ಜ್ವರ ಬಂದರೆ ಅಥವಾ ಉಸಿರಾಡುವಾಗ ಎದೆಗೂಡು ಒಳಸೇದಿದರೆ ಬೆಳಗಾಗಲೆಂದು ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.