ವಾಹನಗಳ ಸದ್ದಿನೊಳಗೊಂದು ಸ್ವರ

ನಗರದ ವಾಹನ ಸಂಚಾರದ ಸದ್ದನ್ನು ಡೆಸಿಬೆಲ್‌ಗಳಲ್ಲಿ ಅಳೆದು, ಮಿತಿ ಮೀರಿದಾಗ ಅದನ್ನು ಮಾಲಿನ್ಯವೆಂದು ದಾಖಲಿಸುವುದು ಆಡಳಿತದ ಕ್ರಮ. ಅತಿಯಾದ ಸದ್ದು ಆರೋಗ್ಯಕ್ಕೆ ಹಾನಿಕರವಾದ್ದರಿಂದ ಆ ಕ್ರಮ ಅಗತ್ಯವೂ ಹೌದು. ಆದರೆ ಅದೇ ಸದ್ದನ್ನು ಸಾಮಗ್ರಿಯಾಗಿ ಬಳಸಿಕೊಂಡು, ಒಂದು ಸ್ಥಳ ಇಂದು ಹೇಗೆ ಕೇಳಿಸುತ್ತದೆ, ಹಿಂದೆ ಅಲ್ಲಿ ಏನು ಕೇಳಿಸುತ್ತಿತ್ತು ಎಂಬುದರತ್ತ ದಾರಿಹೋಕರ ಕಿವಿಯನ್ನು ತಿರುಗಿಸುವ ಕಲಾಪ್ರಕಾರವೊಂದು ಕಳೆದ ಅರ್ಧ ಶತಮಾನದಲ್ಲಿ ಬೆಳೆದುಬಂದಿದೆ. ಧ್ವನಿಕಲೆ ಎನ್ನಿಸಿಕೊಳ್ಳುವ ಈ ಪ್ರಕಾರಕ್ಕೆ ಸಂಗೀತ ಕಚೇರಿಯಂತೆ ವೇದಿಕೆಯೂ ಇಲ್ಲ, ಗೊತ್ತಾದ ಆರಂಭ ಮುಕ್ತಾಯಗಳೂ ಬೇಕಿಲ್ಲ. ಸ್ಥಳವೇ ಕೃತಿಯ ಅಂಗ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತ್ ಆಡಮ್ಸ್ ಪಟ್ಟಣದಲ್ಲಿ, ಮಾಸ್ ಮೋಕಾ ಕಲಾ ಸಂಗ್ರಹಾಲಯದ ಬಳಿಯ ಮೇಲ್ಸೇತುವೆಯಲ್ಲಿ ಬ್ರೂಸ್ ಓಡ್‌ಲ್ಯಾಂಡ್ ಮತ್ತು ಸ್ಯಾಮ್ ಔಇಂಗರ್ 1998ರಲ್ಲಿ ರೂಪಿಸಿದ ‘ಹಾರ್ಮೋನಿಕ್ ಬ್ರಿಡ್ಜ್’ ಇದಕ್ಕೆ ಸ್ಪಷ್ಟವಾದ ನಿದರ್ಶನ. ಸೇತುವೆಗೆ 16 ಅಡಿ ಉದ್ದದ ಕೊಳವೆಗಳನ್ನು ಜೋಡಿಸಿ, ಅವುಗಳೊಳಗೆ ಮೈಕ್ರೋಫೋನ್‌ಗಳನ್ನು ಇರಿಸಲಾಗಿದೆ. ಮೇಲೆ ಹಾಯುವ ವಾಹನಗಳ ಗದ್ದಲ ಕೊಳವೆಯನ್ನು ಹೊಕ್ಕಾಗ, ಕೊಳವೆಯ ಉದ್ದಕ್ಕೆ ಹೊಂದುವ ಕಂಪನಗಳು ಮಾತ್ರ ಬಲಗೊಂಡು ಉಳಿದವು ಕ್ಷೀಣಿಸುತ್ತವೆ. ಭೌತವಿಜ್ಞಾನದಲ್ಲಿ ಅನುರಣನ ಎನ್ನುವ ಈ ಕ್ರಿಯೆಯೇ ಕೊಳಲಿನಲ್ಲಿ ಸ್ವರವನ್ನು ಹುಟ್ಟಿಸುವುದು. ಹೀಗೆ ಸೋಸಿ ಬಂದ ಪಾಶ್ಚಾತ್ಯ ಸಂಗೀತದ ‘ಸಿ’ ಸ್ವರ, ಮಂದ್ರದಲ್ಲಿ ನಿಂತು, ಸೇತುವೆಯ ಕೆಳಗಿನ ಕಾಂಕ್ರೀಟ್ ಧ್ವನಿವರ್ಧಕಗಳಿಂದ ಹೊಮ್ಮುತ್ತದೆ. ಕೊಳವೆಯೊಳಗೆ ಮೈಕ್ರೋಫೋನ್ ಎಲ್ಲಿದೆ ಎಂಬುದರ ಮೇಲೆ ಆ ಸ್ವರದ ಯಾವ ಉಪಸ್ವರ ಮುಂದಾಗಬೇಕೆಂಬುದು ನಿರ್ಧಾರವಾಗುತ್ತದೆ. ಹೊರಗಿನಿಂದ ಒಂದು ಸ್ವರವನ್ನೂ ಸೇರಿಸದೆ, ಗದ್ದಲದಲ್ಲಿ ಅಡಗಿದ್ದುದನ್ನೇ ಹೆಕ್ಕಿ ಕೊಡುವ ಈ ಪ್ರಾಮಾಣಿಕತೆ ಕೃತಿಯ ದೊಡ್ಡ ಗುಣ.

ಇದಕ್ಕೂ ಮೊದಲು, 1977ರಲ್ಲಿ, ತಾಳವಾದ್ಯಗಾರರಾಗಿದ್ದ ಮ್ಯಾಕ್ಸ್ ನ್ಯೂಹೌಸ್ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ, ರಸ್ತೆ ನಡುವಿನ ಕಟ್ಟೆಯ ಜಾಲರಿಯ ಕೆಳಗೆ ಧ್ವನಿಯಂತ್ರವನ್ನಿಟ್ಟು, ದೊಡ್ಡ ಗಂಟೆ ಬಾರಿಸಿದ ಮೇಲೆ ಉಳಿಯುವ ಗುಂಗಿನಂಥ ನಾದ ನಿರಂತರವಾಗಿ ಏಳುವಂತೆ ಮಾಡಿದ್ದರು. 1992ರಲ್ಲಿ ನಿಂತ ಆ ಕೃತಿ 2002ರಲ್ಲಿ ಪುನಃ ಆರಂಭವಾಯಿತು. ಅಲ್ಲಿ ಫಲಕ ಇರಕೂಡದೆಂಬುದು ಅವರ ನಿಲುವು. ಗಮನಿಸಿದವರಿಗಷ್ಟೇ ಅದು ದಕ್ಕಬೇಕಿತ್ತು.

ಸ್ಥಳದ ಸಂಗೀತ ಚರಿತ್ರೆಯನ್ನು ನೇರವಾಗಿ ಎತ್ತಿಕೊಂಡವರು ಸ್ಕಾಟ್ಲೆಂಡಿನ ಸೂಸನ್ ಫಿಲಿಪ್ಸ್. ಲಂಡನ್ನಿನ ಹಣಕಾಸು ವಹಿವಾಟಿನ ಕೇಂದ್ರವಾದ ‘ಸಿಟಿ’ ಪ್ರದೇಶದಲ್ಲಿ 2010ರ ಅಕ್ಟೋಬರ್‌ನಿಂದ ಅವರು ನಡೆಸಿದ ‘ಸರೌಂಡ್ ಮಿ’ ಎಂಬ ಕೃತಿ ವಾರಾಂತ್ಯಗಳಲ್ಲಿ ಮಾತ್ರ, ಅಂದರೆ ಕಚೇರಿಗಳು ಮುಚ್ಚಿ ಸಂಚಾರ ಇಳಿದಾಗ, ಕೇಳಿಸುತ್ತಿತ್ತು. ಮಾರಾಟಗಾರರ ಕೂಗು ಬೀದಿಗಳನ್ನು ತುಂಬುತ್ತಿದ್ದ, ಆ ಕೂಗನ್ನೇ ರಚನಕಾರರು ಬಹುಧ್ವನಿಯ ಹಾಡುಗಳಾಗಿ ಹೆಣೆಯುತ್ತಿದ್ದ 16–17ನೆಯ ಶತಮಾನಗಳ ಲಂಡನ್ನಿನ ಗೀತೆಗಳನ್ನು ಅವರು ವಾದ್ಯಗಳಿಲ್ಲದೆ ತಮ್ಮ ಕಂಠದಲ್ಲೇ ಹಾಡಿ, ಓಣಿಗಳಲ್ಲೂ ಸೇತುವೆಯಡಿಯಲ್ಲೂ ಮೊಳಗಿಸಿದರು. ಮನುಷ್ಯ ಕಂಠವೇ ಬೀದಿಯ ಪ್ರಧಾನ ಧ್ವನಿಯಾಗಿದ್ದ ಕಾಲವೊಂದಿತ್ತೆಂಬುದನ್ನು ಯಾವ ವಿವರಣೆಯೂ ಇಲ್ಲದೆ ಇದು ಕೇಳುಗರಿಗೆ ಮನವರಿಕೆ ಮಾಡಿಕೊಟ್ಟಿತು.

ಅದೇ ವರ್ಷ ಗ್ಲಾಸ್ಗೋ ನಗರದ ಮೂರು ಸೇತುವೆಗಳ ಅಡಿಯಲ್ಲಿ ಹಳೆಯ ಸ್ಕಾಟಿಷ್ ಶೋಕಗೀತೆಯೊಂದನ್ನು ಮೊಳಗಿಸಿದ ‘ಲೋಲ್ಯಾಂಡ್ಸ್’ ಕೃತಿಗಾಗಿ ಫಿಲಿಪ್ಸ್ ಅವರಿಗೆ ಬ್ರಿಟನ್ನಿನ ಪ್ರತಿಷ್ಠಿತ ಟರ್ನರ್ ಪ್ರಶಸ್ತಿ ದೊರೆಯಿತು. ಧ್ವನಿಕೃತಿಯೊಂದಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು.