ಅನಾನಸ್ ಜೆಲ್ಲಿ ಶಾಟ್ ಗಟ್ಟಿಯಾಗಲಿಲ್ಲವೇಕೆ?

ಪ್ರಶ್ನೆ: ಬೇಸಿಗೆ ಪಾರ್ಟಿಗೆ ತಾಜಾ ಅನಾನಸ್ ರಸ, ಜೆಲಟಿನ್, ವೋಡ್ಕಾ ಸೇರಿಸಿ ಜೆಲ್ಲಿ ಶಾಟ್ ಮಾಡಿದೆ. ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೂ ನೀರಾಗಿಯೇ ಇತ್ತು. ವೋಡ್ಕಾ ಹೆಚ್ಚಾಯಿತೇ?

ಉತ್ತರ: ವೋಡ್ಕಾ ಅತಿಯಾದರೂ ಜೆಲ್ಲಿ ಸಡಿಲವಾಗುತ್ತದೆ ನಿಜ. ಆದರೆ ಇಲ್ಲಿ ಕೆಲಸ ಕೆಡಿಸಿದ್ದು ಹಸಿ ಅನಾನಸ್. ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಪ್ರೋಟೀನ್. ಅದರ ಎಳೆಗಳು ಹೆಣೆದುಕೊಂಡು ನೀರನ್ನು ಹಿಡಿದಿಟ್ಟಾಗಲೇ ಜೆಲ್ಲಿ ನಿಲ್ಲುವುದು. ಅನಾನಸ್‌ನ ಬ್ರೊಮೆಲೇನ್ ಎಂಬ ಕಿಣ್ವ ಆ ಎಳೆಗಳನ್ನೇ ಕತ್ತರಿಸುತ್ತದೆ. ಹಣ್ಣು ತಿಂದಾಗ ನಾಲಿಗೆ ಚುರುಗುಟ್ಟುತ್ತದಲ್ಲ, ಅದರಲ್ಲೂ ಇದರ ಕೈವಾಡವಿದೆ. ಪಪ್ಪಾಯಿ, ಕಿವಿ ಹಣ್ಣಿನದೂ ಇದೇ ಕಥೆ.

ಬ್ರೊಮೆಲೇನ್ ಶಕ್ತಿ ಕಳೆದುಕೊಳ್ಳುವಂತೆ ರಸವನ್ನು ಮೊದಲು ಚೆನ್ನಾಗಿ ಕುದಿಸಿ, ಒಲೆಯಿಂದ ಇಳಿಸಿ ಜೆಲಟಿನ್ ಕರಗಿಸಿ. ಉಗುರುಬೆಚ್ಚಗಾದ ಮೇಲೆ ವೋಡ್ಕಾ ಹಾಕಿ. ಸಸ್ಯಾಹಾರಿಗಳಿದ್ದರೆ ಚೈನಾ ಗ್ರಾಸ್ ಬಳಸಿ. ಅದು ಪ್ರೋಟೀನ್ ಅಲ್ಲ, ಬ್ರೊಮೆಲೇನ್ ಅದನ್ನು ಮುಟ್ಟದು.

ಮದ್ಯ ಬೆರೆಸಿದ ಜೆಲ್ಲಿ ಹೊಸದೇನಲ್ಲ. 1862ರಲ್ಲೇ ಅಮೆರಿಕದ ಬಾರ್‌ಟೆಂಡರ್ ಜೆರ್ರಿ ಥಾಮಸ್ ತಮ್ಮ ಪುಸ್ತಕದಲ್ಲಿ ಪಂಚ್ ಜೆಲ್ಲಿ ಮಾಡುವ ವಿಧಾನ ಕೊಟ್ಟು, ಅದರ ಅಮಲು ಗೊತ್ತೇ ಆಗುವುದಿಲ್ಲವೆಂದು ಎಚ್ಚರಿಸಿದ್ದರು. ಮಕ್ಕಳ ಕೈಗೆ ಮಾತ್ರ ಸಿಗದಂತೆ ಇಡಿ.